ಎಪ್ಪತ್ತು ವರ್ಷ ನಡೆದ ರಾಜಿ 1861ರಲ್ಲಿ ಏಕೆ ಮುರಿಯಿತು?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಅಮೆರಿಕದ ಅಂತರ್ಯುದ್ಧಕ್ಕೆ ‘ಗುಲಾಮಗಿರಿ, ಸುಂಕ, ರಾಜ್ಯಗಳ ಹಕ್ಕು’ ಎಂದು ಮೂರು ಕಾರಣಗಳನ್ನು ನಮಗೆ ನೋಟ್ಸ್‌ನಲ್ಲಿ ಬರೆಸಿದ್ದಾರೆ. ಆದರೆ 1787ರಲ್ಲಿ ಸಂವಿಧಾನ ಬರೆಯುವಾಗಲೇ ಗುಲಾಮಗಿರಿ ಇತ್ತು, ಅದರ ಬಗ್ಗೆ ಜಗಳವೂ ಇತ್ತು. ಅಷ್ಟು ವರ್ಷ ಹೇಗೋ ಹೊಂದಿಕೊಂಡು ಹೋದವರು 1861ರಲ್ಲೇ ಬಂದೂಕು ಹಿಡಿದದ್ದೇಕೆ?

ಉತ್ತರ (ಇತಿಹಾಸದ ನಿವೃತ್ತ ಪ್ರಾಧ್ಯಾಪಕಿ): ಒಳ್ಳೆಯ ಪ್ರಶ್ನೆ. ದಕ್ಷಿಣದ ಹಳೆಯ ರಾಜ್ಯಗಳಲ್ಲಿ ಗುಲಾಮಗಿರಿ ಇರಲಿ ಎಂಬುದಕ್ಕೆ ಉತ್ತರದವರಲ್ಲಿ ಬಹಳ ಮಂದಿ ತಲೆಯಾಡಿಸಿದ್ದರು. ಜಗಳವೆಲ್ಲ ಪಶ್ಚಿಮದಲ್ಲಿ ಹೊಸದಾಗಿ ಸೇರುತ್ತಿದ್ದ ನೆಲದ್ದು. ಒಂದೊಂದು ಹೊಸ ರಾಜ್ಯ ಸೇರಿದಾಗಲೂ ಸೆನೆಟ್‌ಗೆ ಇಬ್ಬರು ಸದಸ್ಯರು ಬರುತ್ತಾರೆ. ಅವರು ಯಾವ ಕಡೆಯವರು ಎಂಬುದರ ಮೇಲೆ ಮುಂದಿನ ಕಾನೂನುಗಳು ನಿಂತಿರುತ್ತವೆ. 1820ರಲ್ಲಿ ಒಂದು ಗೆರೆ ಎಳೆದು, ಪಶ್ಚಿಮದ ಪ್ರದೇಶದಲ್ಲಿ ಅದರ ಉತ್ತರಕ್ಕೆ ಗುಲಾಮಗಿರಿ ಬೇಡ ಎಂದು ಒಪ್ಪಿಕೊಂಡರು. 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ಆ ಗೆರೆಯನ್ನೇ ಅಳಿಸಿ, ‘ಅಲ್ಲಿನ ಜನರೇ ಮತ ಹಾಕಿ ತೀರ್ಮಾನಿಸಲಿ’ ಎಂದರು. ಕೇಳಲು ಎಷ್ಟು ಚೆನ್ನ!

ಆ ಹೊಸ ಪ್ರದೇಶಗಳಲ್ಲೊಂದಾದ ಕ್ಯಾನ್ಸಸ್‌ನಲ್ಲಿ ನಡೆದದ್ದನ್ನು ನೋಡಿ. 1855ರ ಮಾರ್ಚ್‌ನಲ್ಲಿ ಅಲ್ಲಿ ಚುನಾವಣೆ ಆಯಿತು. ಗಣತಿಯ ಪ್ರಕಾರ ಇದ್ದ ಮತದಾರರು 2,905. ಬಿದ್ದ ಮತಗಳು 6,000ಕ್ಕೂ ಹೆಚ್ಚು. ಗುಲಾಮಗಿರಿ ಇದ್ದ ಪಕ್ಕದ ಮಿಸೌರಿಯಿಂದ ಆಯುಧ ಹಿಡಿದು ಗುಂಪುಗುಂಪಾಗಿ ಬಂದವರು ಮತ ಹಾಕಿ ಮನೆಗೆ ಮರಳಿದರು. ಮರುವರ್ಷ ಎರಡೂ ಕಡೆಯವರು ಪರಸ್ಪರ ಕೊಲ್ಲತೊಡಗಿದ್ದರು.

ಅದೇ ವರ್ಷ, 1856ರ ಮೇ 22ರಂದು, ಸೆನೆಟ್ ಸಭಾಂಗಣದೊಳಗೇ ರಕ್ತ ಹರಿಯಿತು. ಗುಲಾಮಗಿರಿಯನ್ನು ಖಂಡಿಸಿ ಭಾಷಣ ಮಾಡಿದ್ದ ಉತ್ತರದ ಸೆನೆಟರ್ ಚಾರ್ಲ್ಸ್ ಸಮ್ನರ್ ತಮ್ಮ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದರು. ದಕ್ಷಿಣ ಕ್ಯಾರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಬಂದವನೇ ಕೈಕೋಲಿನಿಂದ ತಲೆಗೆ ಬಡಿಯತೊಡಗಿದ. ನೆಲಕ್ಕೆ ಬಿಗಿದಿದ್ದ ಮೇಜಿನಡಿ ಸಮ್ನರ್ ಕಾಲು ಸಿಕ್ಕಿಕೊಂಡಿತ್ತು. ಏಳುವ ಯತ್ನದಲ್ಲಿ ಮೇಜೇ ಕಿತ್ತು ಬಂತು. ಕೋಲು ಮುರಿಯುವ ತನಕ, ಮುರಿದ ಮೇಲೂ ಹೊಡೆದ. ನನ್ನನ್ನು ಇಂದಿಗೂ ಕಾಡುವುದು ನಂತರದ ಸಂಗತಿ: ದಕ್ಷಿಣದ ಅಭಿಮಾನಿಗಳು ಬ್ರೂಕ್ಸ್‌ಗೆ ಹೊಸ ಕೋಲುಗಳನ್ನು ಉಡುಗೊರೆಯಾಗಿ ಕಳಿಸಿದರು. ಅವನು ರಾಜೀನಾಮೆ ಕೊಟ್ಟ, ಮತದಾರರು ಮತ್ತೆ ಆರಿಸಿ ಕಳಿಸಿದರು. ಮಾತಿನಿಂದ ಮುಗಿಸುವ ವ್ಯವಹಾರ ಇದಲ್ಲ ಎಂಬುದು ಆಗಲೇ ಎರಡೂ ಕಡೆಗೆ ತಿಳಿದುಹೋಗಿತ್ತು.

ಇನ್ನೊಂದು ಮಾತು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುತ್ತಿದ್ದ ಸಂಸ್ಥೆಗಳು ಒಂದೊಂದಾಗಿ ಒಡೆದಿದ್ದವು. ಮೆಥಡಿಸ್ಟ್ ಚರ್ಚ್ 1844ರಲ್ಲಿ, ಬ್ಯಾಪ್ಟಿಸ್ಟರು 1845ರಲ್ಲಿ. ಆಮೇಲೆ ವಿಗ್ ಪಕ್ಷ ನಾಮಾವಶೇಷವಾಯಿತು. 1860ರಲ್ಲಿ ಡೆಮಾಕ್ರಟಿಕ್ ಪಕ್ಷವೂ ಇಬ್ಭಾಗವಾಯಿತು. ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೋರಿ ಹೂಡಿದ್ದ ಮೊಕದ್ದಮೆಯ 1857ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕರಿಯರು ಅಮೆರಿಕದ ಪ್ರಜೆಗಳೇ ಆಗಲಾರರು, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ತಡೆಯಲು ಸಂಸತ್ತಿಗೆ ಅಧಿಕಾರವಿಲ್ಲ ಎಂದುಬಿಟ್ಟಿತು. ಇನ್ನು ರಾಜಿ ಮಾಡಿಸುವವರು ಯಾರು?

ಮತ್ತೊಬ್ಬ ಸದಸ್ಯರು: ಆದರೂ ಮೇಡಂ, ದಕ್ಷಿಣದವರು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ ಎಂದು ಎಷ್ಟೋ ಕಡೆ ಓದಿದ್ದೇನೆ. ಅದು ಪೂರ್ತಿ ಸುಳ್ಳೇ?

ಉತ್ತರ: ಏನು ಮಾಡುವ ಹಕ್ಕು ಎಂದು ಕೇಳಿ ನೋಡಿ, ಸರ್. 1850ರ ಪಲಾಯಿತ ಗುಲಾಮರ ಕಾಯ್ದೆ ಬೇಕೆಂದು ಹಟ ಹಿಡಿದವರು ದಕ್ಷಿಣದವರೇ. ಅದು ಉತ್ತರದ ರಾಜ್ಯಗಳ ಮೇಲೆ ಕೇಂದ್ರ ಸರ್ಕಾರ ಹೇರಿದ ಕಾಯ್ದೆ. ಹಿಡಿದು ತಂದವನನ್ನು ಮಾಲೀಕನಿಗೆ ಒಪ್ಪಿಸಿದರೆ ವಿಚಾರಣಾಧಿಕಾರಿಗೆ 10 ಡಾಲರ್ ಶುಲ್ಕ, ಬಿಡುಗಡೆ ಮಾಡಿದರೆ 5 ಡಾಲರ್. ಸಿಕ್ಕಿಬಿದ್ದವನಿಗೆ ತನ್ನ ಪರವಾಗಿ ಸಾಕ್ಷ್ಯ ಹೇಳುವ ಅವಕಾಶವೂ ಇರಲಿಲ್ಲ. ಆಗ ‘ನಮ್ಮ ರಾಜ್ಯಕ್ಕೂ ಹಕ್ಕಿದೆ’ ಎಂದು ಆ ಕಾಯ್ದೆಯನ್ನು ಅಸಿಂಧು ಎಂದದ್ದು ಉತ್ತರದ ವಿಸ್ಕಾನ್ಸಿನ್‌ನ ನ್ಯಾಯಾಲಯ! 1860ರ ಡಿಸೆಂಬರ್‌ನಲ್ಲಿ ಒಕ್ಕೂಟ ಬಿಟ್ಟ ದಕ್ಷಿಣ ಕ್ಯಾರೊಲಿನಾ ಹೊರಡಿಸಿದ ಘೋಷಣೆಯಲ್ಲಿ, ನಮ್ಮ ಗುಲಾಮರನ್ನು ನ್ಯೂಯಾರ್ಕ್ ಮೂಲಕ ಕರೆದೊಯ್ಯಲೂ ಅಲ್ಲಿನ ನ್ಯಾಯಾಲಯಗಳು ಬಿಡುವುದಿಲ್ಲ ಎಂಬ ದೂರಿದೆ. ನ್ಯೂಯಾರ್ಕ್‌ಗೆ ಹಕ್ಕು ಬೇಡವೇ?

ಸುಂಕದ ಬಗ್ಗೆ ಒಂದೇ ಸಾಲು. 1857ರಲ್ಲಿ ಸುಂಕ ಇಳಿದಿತ್ತು. ಏರಿಸುವ ಮಸೂದೆ ಸೆನೆಟ್‌ನಲ್ಲಿ ಗೆದ್ದದ್ದು ದಕ್ಷಿಣದ ಏಳು ರಾಜ್ಯಗಳು ಎದ್ದುಹೋದ ಮೇಲೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. 1860ರಲ್ಲಿ ಅಧ್ಯಕ್ಷರಾಗಿ ಗೆದ್ದ ಲಿಂಕನ್ ಅವರು ಗುಲಾಮಗಿರಿ ಇರುವ ಕಡೆ ಕೈಹಾಕುವುದಿಲ್ಲ ಎಂದೇ ಹೇಳಿದ್ದರಲ್ಲವೇ? ಹಾಗಿದ್ದೂ ದಕ್ಷಿಣದವರು ಒಕ್ಕೂಟ ಬಿಟ್ಟುಹೋದದ್ದೇಕೆ?

ಉತ್ತರ: ಹೇಳಿದ್ದರು, 1861ರ ಮಾರ್ಚ್ 4ರಂದು ಅಧಿಕಾರ ಸ್ವೀಕರಿಸುವಾಗಲೂ ಅದನ್ನೇ ಹೇಳಿದರು. ಆದರೆ ದಕ್ಷಿಣದವರು ನೋಡಿದ್ದು ಲೆಕ್ಕವನ್ನು. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಲಿಂಕನ್ ಹೆಸರಿನ ಮತಪತ್ರವೇ ಇರಲಿಲ್ಲ, ಒಟ್ಟು ಮತಗಳಲ್ಲಿ ಅವರಿಗೆ ಬಂದದ್ದು ಶೇ. 40ರಷ್ಟು, ಆದರೂ ಗೆದ್ದರು. ಅಂದರೆ ದಕ್ಷಿಣದ ಒಂದು ಮತವೂ ಇಲ್ಲದೆ ಅಧ್ಯಕ್ಷರಾಗಬಹುದು. ಸೆನೆಟ್‌ನಲ್ಲೂ ಗುಲಾಮಗಿರಿ ಇಲ್ಲದ ರಾಜ್ಯಗಳು 18, ಇರುವವು 15. ದಕ್ಷಿಣದವರ ಹಿಡಿತದಲ್ಲಿ ಸುಮಾರು 40 ಲಕ್ಷ ಮನುಷ್ಯರಿದ್ದರು, ಅವರನ್ನು ಆಸ್ತಿಯೆಂದು ದರ ಕಟ್ಟಿಟ್ಟಿದ್ದರು. ಇಂದಲ್ಲ ನಾಳೆ ಅದು ಕೈತಪ್ಪುತ್ತದೆ ಎಂಬ ಭಯ. ಏಪ್ರಿಲ್ 12ರಂದು ಕೇಂದ್ರ ಸರ್ಕಾರದ ಸೈನಿಕರಿದ್ದ ಸಮ್ಟರ್ ಕೋಟೆಯ ಮೇಲೆ ಮೊದಲ ಗುಂಡು ಹಾರಿಸಿದವರೂ ಅವರೇ.

ಮತ್ತೊಬ್ಬ ಸದಸ್ಯರು: ನಮ್ಮ ಧಾರವಾಡದ ಹತ್ತಿಗೂ ಈ ಯುದ್ಧಕ್ಕೂ ನಂಟಿದೆ ಎನ್ನುತ್ತಾರೆ, ನಿಜವೇ?

ಉತ್ತರ: ನಿಜ. ‘ಹತ್ತಿಯೇ ರಾಜ’ ಎಂದು ದಕ್ಷಿಣದ ಸೆನೆಟರ್ ಜೇಮ್ಸ್ ಹ್ಯಾಮಂಡ್ 1858ರಲ್ಲಿ ಗುಡುಗಿದ್ದರು. ನಮ್ಮ ಹತ್ತಿ ನಿಂತರೆ ಇಂಗ್ಲೆಂಡಿನ ಗಿರಣಿಗಳು ಮುಚ್ಚುತ್ತವೆ, ಆಗ ಇಂಗ್ಲೆಂಡ್ ನಮ್ಮ ಬೆನ್ನಿಗೆ ನಿಲ್ಲಲೇಬೇಕು ಎಂಬ ಧೈರ್ಯ ಅವರದು. ಗಿರಣಿ ಕಾರ್ಮಿಕರು ಹಸಿದದ್ದು ನಿಜ, ಆದರೆ ಇಂಗ್ಲೆಂಡ್ ಯುದ್ಧಕ್ಕಿಳಿಯಲಿಲ್ಲ. ಈಜಿಪ್ಟಿನ ಕಡೆಗೂ ಇಂಡಿಯಾದ ಕಡೆಗೂ ತಿರುಗಿತು. ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಆ ಹೊಲಗಳಲ್ಲಿ ‘ಧಾರವಾಡ ಅಮೆರಿಕನ್’ ಎಂಬ ತಳಿ ಬೆಳೆಯುತ್ತಿತ್ತು. ಅದರ ಬೀಜ 1840ರ ದಶಕದಲ್ಲಿ ಬಂದದ್ದು ಎಲ್ಲಿಂದ ಗೊತ್ತೇ? ದಕ್ಷಿಣದವರದೇ ನ್ಯೂ ಆರ್ಲಿಯನ್ಸ್‌ನಿಂದ.