‘ಕತ’, ‘ಅಂತ’, ‘ಹೇಳಿ’: ಶ್ರೀಲಂಕಾದ ಮಲಯ್ ಮಾತಿನಿಂದ ಎದ್ದ ಒಂದು ಪ್ರಶ್ನೆ

ಗೆಳೆಯರೇ,

ಪ್ರಶ್ನೆ ಕನ್ನಡದ್ದೇ. ಆದರೆ ಅದು ಹುಟ್ಟಿದ್ದು ಕೊಲಂಬೊದಲ್ಲಿ, ಊಟದ ಮೇಜಿನ ಮುಂದೆ. ಹಾಗಾಗಿ ಸ್ವಲ್ಪ ಸುತ್ತು ಹಾಕಿ ಬರಬೇಕು, ಸಹಿಸಿಕೊಳ್ಳಿ.

ಕೆಲಸದ ಮೇಲೆ ಕೆಲವು ತಿಂಗಳು ಅಲ್ಲಿದ್ದೆ. ಮಧ್ಯಾಹ್ನ ಮೂವರು ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೆವು. ಸುಳ್ಯ ಕಡೆಯ ನಾನು, ಕೌಲಾಲಂಪುರದಿಂದ ಬಂದಿದ್ದ ಒಬ್ಬರು ಹಿರಿಯರು, ಮತ್ತೆ ಕ್ಯಾಂಡಿಯ ಒಬ್ಬ ಹುಡುಗ. ಹುಡುಗನ ಮನೆಮಾತು ಮಲಯ್. (ಮಲಯಾಳ ಅಲ್ಲ, ಮಲಯ್. ಊರಿಗೆ ಫೋನ್ ಮಾಡಿದಾಗಲೆಲ್ಲ ಇದನ್ನು ಬಿಡಿಸಿ ಹೇಳಿ ಸಾಕಾಗಿತ್ತು.) ಒಂದು ದಿನ ಅವನಿಗೆ ಅಮ್ಮನ ಫೋನ್ ಬಂತು. ಅವನು ಮಾತಾಡುತ್ತಿದ್ದರೆ ಕೌಲಾಲಂಪುರದವರು ಕೈತುತ್ತು ಕೈಯಲ್ಲೇ ಹಿಡಿದು ಕೇಳುತ್ತಾ ಕೂತರು. ಫೋನ್ ಇಟ್ಟ ಮೇಲೆ, ‘ಪದಗಳೆಲ್ಲ ನಮ್ಮವೇ, ಆದರೆ ನೀನು ಹೇಳಿದ್ದು ಅರ್ಧವೂ ತಿಳಿಯಲಿಲ್ಲ’ ಅಂದರು.

ಹುಡುಗ ನಗುತ್ತಾ ಟಿಶ್ಯೂ ಕಾಗದದ ಮೇಲೆ ಒಂದೆರಡು ಸಾಲು ಬರೆದ. ಮಲೇಷ್ಯಾದವರ ‘ರುಮಾ ಸಾಯಾ’ ಇವನ ಬಾಯಲ್ಲಿ ‘ಸೆಪ್ಪೆ ರೂಮ’. ಅವರದು ‘ಮನೆ ನನ್ನ’, ಇವನದು ‘ನನ್ನ ಮನೆ’. ಅವರದು ‘ಸಾಯಾ ಮಾಹು ನಾಸಿ’, ಇವನದು ‘ಸೆದಂಗ್ ನಾಸಿ ಮಾವ್’. ‘ಸೆ’ ಅಂದರೆ ನಾನು, ‘ದಂಗ್’ ಅಂದರೆ ‘ಗೆ’. ನನಗೆ ಅನ್ನ ಬೇಕು! ಮೂರಕ್ಕೆ ಮೂರು ಪದವೂ ನಮ್ಮ ಜಾಗದಲ್ಲೇ ಕೂತಿವೆ. ನಾಮಪದಕ್ಕೆ ಹತ್ತುವಾಗ ಅದೇ ‘ಗೆ’ ‘ನಂಗ್’ ಆಗುತ್ತದೆ. ರೂಮನಂಗ್, ಮನೆಗೆ. (ನಮ್ಮ ‘ನಂಗೆ’ಗೂ ಇದಕ್ಕೂ ನಂಟು ಹುಡುಕಬೇಡಿ, ಸುಮ್ನೆ ಕಾಕತಾಳೀಯ.) ‘ಅಪ್ಪನೂ ಅಮ್ಮನೂ’ ಅನ್ನುವುದಕ್ಕೆ ‘ಬಾಪಲೆ ಉಮ್ಮಲೆ’. ಎರಡೂ ಕಡೆ ಬಾಲ ಹಚ್ಚುವ ನಮ್ಮ ‘ಊ’ದ ಕ್ರಮವೇ. ಮಲಯ್ ಪದ ಒಂದೂ ಬಾರದ ನನಗೆ ವಾಕ್ಯದ ನಡೆ ಗೊತ್ತಾಗುತ್ತಿತ್ತು, ಪದಗಳೆಲ್ಲ ಗೊತ್ತಿದ್ದ ಅವರಿಗೆ ಗೊತ್ತಾಗಲಿಲ್ಲ.

ಇವರು ಅಲ್ಲಿಗೆ ಬಂದ ಕಥೆ ಚುಟುಕಾಗಿ: ಡಚ್ಚರು 1656ರಲ್ಲಿ ಕೊಲಂಬೊ ಹಿಡಿದರು. ಅವರ ಕಂಪನಿ ಜಾವಾ, ಅಂಬೋನ್ ಮುಂತಾದ ದ್ವೀಪಗಳಿಂದ ಸಿಪಾಯಿಗಳನ್ನು, ಗಡಿಪಾರಾದವರನ್ನು, ಕೈದಿಗಳನ್ನು ತಂದಿಳಿಸಿತು. ಆಮೇಲೆ ಬ್ರಿಟಿಷರೂ ಮಲಯ್ ಸಿಪಾಯಿಗಳ ಪಡೆ ಇಟ್ಟುಕೊಂಡಿದ್ದರು. 1873ರಲ್ಲಿ ಅದನ್ನು ವಿಸರ್ಜಿಸಿದರು. 1869ರಲ್ಲೇ ಕೊಲಂಬೊದಿಂದ ‘ಆಲಾಮತ್ ಲಂಕಾಪುರಿ’ ಅಂತ ಒಂದು ಮಲಯ್ ಪತ್ರಿಕೆ ಹೊರಟಿತ್ತು, ಅರಬ್ಬಿ ಮೂಲದ ಜಾವಿ ಲಿಪಿಯಲ್ಲಿ. ಈಗ ಇವರು ಸುಮಾರು 40,000 ಮಂದಿ. ಕೊಲಂಬೊದಲ್ಲಿ ಮಕ್ಕಳು ಸಿಂಹಳ, ಇಂಗ್ಲಿಷಿನ ಕಡೆ ಹೊರಳಿದ್ದಾರೆ. ದಕ್ಷಿಣದ ಕಡಲತಡಿಯ ಕಿರಿಂದದಲ್ಲಿ ಮಾತ್ರ ಚಿಕ್ಕ ಮಕ್ಕಳೂ ಮಲಯ್ ಆಡುತ್ತಾರೆ.

ಈಗ ಪದಕ್ಕೆ ಬರುತ್ತೇನೆ. ಹುಡುಗ ಫೋನಿನಲ್ಲಿ ಮತ್ತೆ ಮತ್ತೆ ‘ಕತ’, ‘ಕತ’ ಅನ್ನುತ್ತಿದ್ದ. ಯಾವುದೋ ಕಥೆ ಹೇಳುತ್ತಿದ್ದಾನೆ ಅಂದುಕೊಂಡೆ. ಪೂರಾ ತಪ್ಪೇನೂ ಅಲ್ಲ. ಮಲಯ್ ಭಾಷೆಯ ‘ಕಾತಾ’ ಸಂಸ್ಕೃತದ ‘ಕಥಾ’ದಿಂದಲೇ ಹೋದದ್ದು. ಅಲ್ಲಿ ಅದರ ಅರ್ಥ ಮಾತು, ನುಡಿ. ‘ಹೇಳಿದ’ ಅನ್ನುವುದಕ್ಕೂ ಬರುತ್ತದೆ. ಮಲೇಷ್ಯಾದವರು ‘ದಿಯಾ ಕಾತಾ ದಿಯಾ ನಾಕ್ ದಾತಾಂಗ್’ ಅನ್ನುತ್ತಾರೆ. ‘ಅವನು ಹೇಳಿದ’ ಮೊದಲು, ಏನು ಹೇಳಿದ ಅನ್ನುವುದು ಆಮೇಲೆ.

ಕ್ಯಾಂಡಿಯ ಹುಡುಗ ಬರೆದು ತೋರಿಸಿದ್ದು ಹೀಗೆ: ‘ಬೇಸೊ ಅತಿದಾತಂಗ್ ಕತ ಅನಬೀಲಂಗ್’. ಬೇಸೊ, ನಾಳೆ. ಅತಿದಾತಂಗ್, ಬರ್ತೀನಿ. ಅನಬೀಲಂಗ್, ಹೇಳಿದ. ನಡುವೆ ಉಳಿದ ‘ಕತ’ ನಮ್ಮ ‘ಅಂತ’ ಅಲ್ಲದೆ ಇನ್ನೇನು? ನಾಳೆ ಬರ್ತೀನಿ ಅಂತ ಹೇಳಿದ. ಹೇಳುವ ಕೆಲಸ ‘ಬೀಲಂಗ್’ ಮಾಡುತ್ತದೆ. ‘ಕತ’ ಆಡಿದ ಮಾತಿನ ಕೊನೆಗೆ ಬೇಲಿ ಕಟ್ಟುತ್ತದೆ, ಅಷ್ಟೇ. ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ ಅಲ್ಲ, ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೂ ಬರುತ್ತದೆ.

ಇದನ್ನು ಕಲಿಸಿದ್ದು ಅಕ್ಕಪಕ್ಕದವರು. ಸಿಂಹಳದವರು ‘ಎನವಾ ಕಿಯಲಾ ಕಿವ್ವಾ’ ಅನ್ನುತ್ತಾರೆ. ‘ಕಿಯಲಾ’ ಅಂದರೆ ಅಕ್ಷರಶಃ ‘ಹೇಳಿ’. ತಮಿಳಿನ ‘ಎನ್ಱು’ವೂ, ನಮ್ಮ ‘ಎಂದು’ವೂ ಅದೇ ಅಚ್ಚು. ಮಲಯ್ ಜನ ತಮಿಳಾಡುವ ಮುಸ್ಲಿಮರ ಜೊತೆ ಮಸೀದಿ ಹಂಚಿಕೊಂಡರು, ಮದುವೆ ಸಂಬಂಧ ಬೆಳೆಸಿದರು. ಊರಲ್ಲಿ ಸುತ್ತ ಸಿಂಹಳ. ಹೆಚ್ಚು ತಿದ್ದಿದ್ದು ತಮಿಳೋ ಸಿಂಹಳವೋ ಅಂತ ವಿದ್ವಾಂಸರು ಜೋರಾಗಿ ಜಗಳ ಆಡಿದ್ದಾರೆ. ಎರಡೂ ಒಂದೇ ಕಡೆ ತಳ್ಳುತ್ತಿರುವಾಗ ಯಾರ ಕೈ ಜಾಸ್ತಿ ಅಂತ ಈ ಒಂದು ಪದ ಹಿಡಿದು ಹೇಳಲಾಗದು ಅಂತ ನನ್ನ ಅನಿಸಿಕೆ.

ಅದಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಬೇರೆ. ಬೆಂಗಳೂರಿನ ದಖ್ಖನಿ ಉರ್ದುವಿನಲ್ಲಿ ‘ಆತುಂ ಬೋಲ್ಕೆ ಬೋಲ್ಯಾ’ ಅನ್ನುವುದನ್ನು ನೀವು ಆಟೋದಲ್ಲೋ ಅಂಗಡಿಯಲ್ಲೋ ಕೇಳಿಯೇ ಇರುತ್ತೀರಿ. ‘ಬೋಲ್ಕೆ’ ಅಂದರೂ ‘ಹೇಳಿ’ಯೇ. ಮಳೆ ಬರುತ್ತೆ ‘ಬೋಲ್ಕೆ’ ಕೊಡೆ ತಂದೆ ಅಂತಲೂ ಅನ್ನುತ್ತಾರೆ. ಅಲ್ಲಿ ಯಾರೂ ಏನೂ ಹೇಳಿರುವುದಿಲ್ಲ. ಇನ್ನು ನಮ್ಮ ಮನೆಯ ಹವ್ಯಕ ಮಾತಿನಲ್ಲಿ ‘ಅಂತ’ ಇಲ್ಲವೇ ಇಲ್ಲ, ಬರೀ ‘ಹೇಳಿ’. ‘ನಾಳೆ ಬತ್ತೆ ಹೇಳಿ ಹೇಳಿದ’. ‘ಮಳೆ ಬಕ್ಕು ಹೇಳಿ ಕೊಡೆ ತೆಕ್ಕೊಂಡೆ’. ಮೈಸೂರಿನ ಹಾಸ್ಟೆಲಿನಲ್ಲಿ ಇದನ್ನು ಕೇಳಿ ಗೆಳೆಯರು ಹೊಟ್ಟೆ ಹಿಡಿದು ನಗುತ್ತಿದ್ದರು, ‘ಎಷ್ಟು ಸಲ ಹೇಳ್ತೀಯೋ’ ಅಂತ. ಆಗ ನಾಚಿಕೆ ಆಗುತ್ತಿತ್ತು. ಈಗ ನೋಡಿದರೆ ‘ಕಿಯಲಾ ಕಿವ್ವಾ’, ‘ಬೋಲ್ಕೆ ಬೋಲ್ಯಾ’, ‘ಹೇಳಿ ಹೇಳಿದ’, ಮೂರೂ ಒಂದೇ ತಾಳ. ಕ್ಯಾಂಡಿಯ ಹುಡುಗನ ‘ಕತ ಅನಬೀಲಂಗ್’ನಲ್ಲಿ ಮಾತ್ರ ನಿಮ್ಮ ‘ಅಂತ ಹೇಳಿದ’ದ ಹಾಗೆ ಪದ ಎರಡು ಸಲ ಬರುವುದಿಲ್ಲ.

ಕೊನೆಗೂ ಪ್ರಶ್ನೆ. ಹವ್ಯಕರ ಆಚೆಗೂ ಈಗ ‘ಅಂತ ಹೇಳಿ’, ‘ಅಂತೇಳಿ’ ಧಾರಾಳವಾಗಿ ಕೇಳಿಸುತ್ತದೆ. ‘ಬಸ್ ಬರುತ್ತೆ ಅಂತೇಳಿ ಒಂದು ಗಂಟೆ ಕಾದೆ.’ ಇಲ್ಲಿ ‘ಅಂತ’ ಒಂದೇ ಸಾಲದೆ ‘ಹೇಳಿ’ಯನ್ನು ಯಾಕೆ ಕರೆದುಕೊಂಡೆವು? ನನ್ನ ಕಿವಿಗೆ ಕಾರಣ ಹೇಳುವಾಗ ‘ಅಂತೇಳಿ’ ಸಲೀಸು. ಸದ್ದು ಹೇಳುವಾಗ ಒಗ್ಗುವುದಿಲ್ಲ. ‘ತೆಂಗಿನಕಾಯಿ ಧಡ್ ಅಂತ ಬಿತ್ತು’ ಸರಿ, ‘ಧಡ್ ಅಂತೇಳಿ ಬಿತ್ತು’ ಅಂದರೆ ಕಾಯಿ ಏನೋ ತಿಳಿಸಿ ಬಿದ್ದ ಹಾಗೆ ಅನಿಸುತ್ತದೆ. ಹೆಸರು ಹೇಳುವಾಗ ಎರಡೂ ನಡೆಯುತ್ತವೆ: ‘ರಾಮ ಅಂತ ಒಬ್ಬ ಇದ್ದ’, ‘ರಾಮ ಅಂತೇಳಿ ಒಬ್ಬ ಇದ್ದ’.

ನಿಮ್ಮ ಕಡೆ ಹೇಗೆ? ಧಾರವಾಡ, ಕಲಬುರಗಿ, ಕೋಲಾರ, ಕುಂದಾಪುರದವರು ಈ ಮೂರು ವಾಕ್ಯಗಳನ್ನು ಮನೆಯಲ್ಲಿ ಆಡುವ ಹಾಗೆಯೇ ಬರೆದು ಕಳಿಸಿದರೆ ಉಪಕಾರ. ಕಾಯಿ ಬಿದ್ದ ವಾಕ್ಯ ಮರೆಯಬೇಡಿ.