ಹೆಕ್ಸ್ ಮ್ಯಾಪ್ ಕ್ಯಾಂಪೇನ್: ಮುಂದಿರುವವರೇ ಇನ್ನೂ ಮುಂದೆ ಹೋಗ್ತಿದ್ದಾರೆ, ಮಧ್ಯದಲ್ಲಿ ಸರಿಮಾಡೋದು ಹೇಗೆ?

ಬೆಟ್ಟದ_ಓರ್ಕ್

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಸೇರಿ ಏಜ್ ಆಫ್ ಫ್ಯಾಂಟಸಿ (ಪುಟ್ಟ ಗೊಂಬೆ ಸೈನ್ಯಗಳನ್ನು ಟೇಬಲ್ ಮೇಲೆ ಆಡಿಸುವ ಯುದ್ಧದ ಆಟ) ನಿಯಮಗಳಲ್ಲಿ ರಾಜ್ಯ ಗೆಲ್ಲುವ ಕ್ಯಾಂಪೇನ್, ಅಂದರೆ ಒಂದಕ್ಕೊಂದು ಕೊಂಡಿಯಿರುವ ಯುದ್ಧಗಳ ಸರಣಿ, ಆಡುತ್ತಿದ್ದೇವೆ. ಅರ್ಧ ದಾರಿಗೆ ಬಂದು ಸಿಕ್ಕಿಹಾಕಿಕೊಂಡಿದೆ. ಸಹಾಯ ಬೇಕು.

ಮ್ಯಾಪ್ 37 ಹೆಕ್ಸ್, ಅಂದರೆ ಆರು ಬದಿಯ ಮನೆಗಳು. ನಡುವೆ ಒಂದು, ಅದರ ಸುತ್ತ 6, ಆಮೇಲೆ 12, ಹೊರಸುತ್ತಿನಲ್ಲಿ 18. ಆರು ಮೂಲೆಗಳಲ್ಲಿ ಆರು ರಾಜಧಾನಿ. ರಾಜಧಾನಿಯ ಎಡಕ್ಕೊಂದು, ಬಲಕ್ಕೊಂದು ಹೆಕ್ಸ್ ಸೇರಿ ಶುರುವಿನಲ್ಲಿ ಪ್ರತಿಯೊಬ್ಬರಿಗೂ 3. ಹೊರಸುತ್ತು ಹಾಗೇ ಸರಿಯಾಗಿ ಹಂಚಿಹೋಗುತ್ತದೆ, ಒಳಗಿನ 19 ಖಾಲಿ ಇರುತ್ತವೆ.

ನಿಯಮ ಸರಳ. ಎಲ್ಲರಿಗೂ 1000 ಪಾಯಿಂಟ್ ಬೆಲೆಯ ಸೈನ್ಯ, ಜೊತೆಗೆ ಕೈಲಿರುವ ಪ್ರತಿ ಹೆಕ್ಸ್‌ಗೆ 50 ಪಾಯಿಂಟ್. ಒಂದು ರೌಂಡಿಗೆ ಒಬ್ಬರಿಗೆ ಒಂದೇ ಯುದ್ಧ. ಗೆದ್ದವರು ಗಡಿಗೆ ತಾಗಿದ ಒಂದು ಹೆಕ್ಸ್ ತಗೋಬಹುದು, ಖಾಲಿಯದ್ದಾದರೂ ಸರಿ, ಸೋತವರದ್ದಾದರೂ ಸರಿ. ಜಾಸ್ತಿ ಭೂಮಿ ಇರುವವರು ಎದುರಾಳಿಯನ್ನು ಮೊದಲು ಆರಿಸುತ್ತಾರೆ.

ಈಗಿನ ಸ್ಥಿತಿ: 10, 8, 6, 5, 3, 2. ಖಾಲಿ ಉಳಿದಿರುವುದು 3. ಮುಂದಿರುವುದು ಅಸ್ಥಿಪಂಜರಗಳ ಸೈನ್ಯ, 1500 ಪಾಯಿಂಟ್. ಕೊನೆಯಲ್ಲಿ ಕುಳ್ಳರು, 1100. ಆ ಕುಳ್ಳರ ಗುರಾಣಿಗಳನ್ನು ನೀವು ನೋಡಬೇಕು. ಒಂದೊಂದರ ಮೇಲೂ ಬೇರೆ ಬೇರೆ ಗುರುತು ಬರೆದಿದ್ದಾನೆ, ಅಂಚಿಗೆ ತಾಮ್ರದ ಬಣ್ಣ, ಅದರ ಮೇಲೆ ಸಣ್ಣಗೆ ಹಸಿರು ಕಿಲುಬು. ಅಷ್ಟು ಪ್ರೀತಿಯಿಂದ ಸೈನ್ಯ ಕಟ್ಟಿದವನು ಈಗ "ಸುಮ್ನೆ ಸೋಲೋಕೆ ಯಾಕೆ ಬರಲಿ" ಅನ್ನುತ್ತಿದ್ದಾನೆ. ಅವನನ್ನು ಕಳೆದುಕೊಳ್ಳೋಕೆ ನಮಗೆ ಇಷ್ಟ ಇಲ್ಲ. ಮೊದಲಿನಿಂದ ಶುರುಮಾಡೋಕೂ ಯಾರಿಗೂ ಮನಸ್ಸಿಲ್ಲ. ಏನು ಮಾಡಬಹುದು?

ದಾಳದ_ಲೆಕ್ಕ

ಮೊದಲು ಆ 50 ಪಾಯಿಂಟ್ ವಿಷಯ. 1500ಕ್ಕೆ 1100 ಅಂದರೆ 1.36 ಪಟ್ಟು, ಅಷ್ಟೇನೂ ಇಲ್ಲ ಅನ್ನಿಸುತ್ತದೆ. ಟೇಬಲ್ ಮೇಲೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ಎಲ್ಲರೂ ಎಲ್ಲರ ಮೇಲೂ ಗುರಿಯಿಟ್ಟು ಹೊಡೆಯಬಹುದಾದ ಕಾಳಗದಲ್ಲಿ ಬಲ ಸಂಖ್ಯೆಯ ವರ್ಗದಂತೆ ಏರುತ್ತದೆ. 1.36ರ ವರ್ಗ ಸುಮಾರು 1.85. ಅಂದರೆ ಕುಳ್ಳರು ಹತ್ತಿರಹತ್ತಿರ ಎರಡರಷ್ಟು ಬಲದ ಎದುರು ನಿಂತಿದ್ದಾರೆ.

ಕೈಕೈ ಕಾಳಗ ಜಾಸ್ತಿ ಇದ್ದರೆ ಇಷ್ಟು ಕಟುವಾಗಿರಲ್ಲ, ಏಕೆಂದರೆ ಎದುರುಬದುರು ನಿಂತ ಸಾಲು ಮಾತ್ರ ಹೊಡೆದಾಡುತ್ತದೆ. ಆದರೆ ಏಜ್ ಆಫ್ ಫ್ಯಾಂಟಸಿಯಲ್ಲಿ ಇನ್ನೊಂದು ಪೆಟ್ಟು ಇದೆ. ಯೂನಿಟ್‌ಗಳನ್ನು, ಅಂದರೆ ತುಕಡಿಗಳನ್ನು, ಒಬ್ಬರಾದ ಮೇಲೆ ಒಬ್ಬರು ನಡೆಸುತ್ತೀರಿ ಅಲ್ವಾ? ಕುಳ್ಳರ ಯೂನಿಟ್ ಎಲ್ಲಾ ಮುಗಿದ ಮೇಲೂ ಅಸ್ಥಿಪಂಜರಗಳ ಕಡೆ ಮೂರ್ನಾಲ್ಕು ಯೂನಿಟ್ ಉಳಿದಿರುತ್ತದೆ. ಅವನ್ನು ಯಾವ ಉತ್ತರದ ಭಯವೂ ಇಲ್ಲದೆ ನಡೆಸಬಹುದು. ಟೇಬಲ್ ಯುದ್ಧದ ನಾಲ್ಕನೇ ರೌಂಡಿನ ಕೊನೆಯಲ್ಲಿ ಗುರಿಗಳ (ಹಿಡಿಯಬೇಕಾದ ಜಾಗಗಳ) ಹತ್ತಿರ, 3 ಇಂಚಿನೊಳಗೆ, ಯಾರು ನಿಂತಿದ್ದಾರೆ ಅನ್ನೋದರ ಮೇಲೆ ಗೆಲುವು ನಿಂತಿದೆ. ಅಲ್ಲಿ ಈ ಕೊನೆಯ ನಡೆಗಳು ತುಂಬಾ ದುಬಾರಿ.

ಪಾಯಿಂಟ್ ಬೋನಸ್ ಬೇಕೇಬೇಕು ಅಂದರೆ 100ಕ್ಕೆ ಮಿತಿ ಹಾಕಿ. 1100ಕ್ಕೆ 1000, ವರ್ಗ ಮಾಡಿದರೆ 1.21. ಅಷ್ಟನ್ನು ಒಳ್ಳೆಯ ಆಟಗಾರ ತುಂಬಿಕೊಳ್ಳಬಹುದು.

ಕುಂಚಗಾರ

ನಾನಾಗಿದ್ದರೆ ಪಾಯಿಂಟ್ ಬೋನಸ್ ಪೂರ್ತಿ ತೆಗೆಯುತ್ತಿದ್ದೆ. ಟೇಬಲ್ ಮೇಲೆ ಎಲ್ಲರೂ ಸಮ. ಭೂಮಿಯಿಂದ ಬರೋದು ಆಯ್ಕೆ ಆಗಲಿ, ಬಲ ಬೇಡ.

ಯುದ್ಧ ನಡೆಯುವ ಹೆಕ್ಸ್ ಗುಡ್ಡವಾಗಿದ್ದರೆ ರಕ್ಷಿಸುವವರು ದಾಳ ಹಾಕದೆ ತಮ್ಮ ಬದಿ ಆರಿಸಿಕೊಳ್ಳಲಿ. ನದಿಯಾಗಿದ್ದರೆ ಸೇತುವೆ ಎಲ್ಲಿ ಅಂತ ಅವರೇ ಇಡಲಿ. ಪಕ್ಕದ ಕಾಡು ನಿಮ್ಮದಾಗಿದ್ದರೆ ಎರಡು ಮರದ ಗುಂಪು ಜಾಸ್ತಿ ಇಡಿ. ಆ ಹೆಕ್ಸ್ ಮತ್ತು ಅದಕ್ಕೆ ತಾಗಿದವು ಮಾತ್ರ ಲೆಕ್ಕಕ್ಕೆ. ಮ್ಯಾಪಿನ ಆಚೆ ತುದಿಯಲ್ಲಿರುವ ಗಣಿ ಇಲ್ಲಿ ಕೆಲಸಕ್ಕೆ ಬರಬಾರದು. ಆಗ ಟೇಬಲ್ ಕೂಡ ಮ್ಯಾಪಿನ ಆ ಜಾಗದ ಹಾಗೇ ಕಾಣುತ್ತದೆ. ನನಗೆ ಕ್ಯಾಂಪೇನ್‌ನ ದೊಡ್ಡ ಖುಷಿಯೇ ಅದು.

ಹಿಂದಿರುವವರಿಗೆ ಕೈಕೊಡೋದು ಹಳೆಯ ಆಟಗಳಲ್ಲೂ ಇತ್ತು. 1999ರ ಮಾರ್ಡ್‌ಹೈಮ್ ಆಟ ನೋಡಿ. ಎರಡು ಗುಂಪುಗಳ ರೇಟಿಂಗ್ ನಡುವಿನ ಅಂತರ 50 ದಾಟಿದರೆ ಚಿಕ್ಕ ಗುಂಪಿಗೆ ಹೆಚ್ಚುವರಿ ಅನುಭವ ಸಿಗುತ್ತದೆ. ಅಂತರ 300 ದಾಟಿದರೆ ಅದು 5ರವರೆಗೂ ಹೋಗುತ್ತದೆ. ಗುಂಪು ದೊಡ್ಡದಾದಷ್ಟೂ ಹುಡುಕಿ ತಂದ ಹರಳು ಮಾರಿ ಬರುವ ಲಾಭ ಕಮ್ಮಿ, ಏಕೆಂದರೆ ಅಷ್ಟು ಜನರನ್ನು ಸಾಕಬೇಕು. ಬೆಳೆದವರು ಬೆಳೆದಷ್ಟೇ ಭಾರ ಹೊರುತ್ತಾರೆ. ನಿಮ್ಮ ಕ್ಯಾಂಪೇನ್‌ನಲ್ಲಿ ಆ ಭಾರ ಎಲ್ಲೂ ಇಲ್ಲ.

ಬೆಟ್ಟದ_ಓರ್ಕ್

ಇಬ್ಬರಿಗೂ ಧನ್ಯವಾದ. ವರ್ಗದ ಲೆಕ್ಕ ಓದಿದ ಮೇಲೆ ಕುಳ್ಳರ ಕೊನೆಯ ಎರಡು ಯುದ್ಧ ಹಾಗೆ ಯಾಕಾಯಿತು ಅಂತ ಗೊತ್ತಾಯಿತು. ಒಂದು ಅನುಮಾನ ಮಾತ್ರ ಉಳಿದಿದೆ. ಪಾಯಿಂಟ್ ತೆಗೆದರೂ ಎದುರಾಳಿ ಆಯ್ಕೆ ಹಾಗೇ ಇರುತ್ತದೆ. 10 ಹೆಕ್ಸ್ ಇರುವವರು ನಿಧಾನವಾಗಿ ಆದರೂ ಬೆಳೆಯುತ್ತಲೇ ಇರುತ್ತಾರೆ ಅಲ್ವಾ? ಅವರ ಗಡಿಗೆ ನಾಲ್ವರು ತಾಗಿದ್ದಾರೆ, ಆದರೂ ಯಾರೂ ಅವರನ್ನು ಮುಟ್ಟುತ್ತಿಲ್ಲ.

ಮೂಲೆಕೋಟೆ

ನಿಮ್ಮ ಕೊನೆಯ ಸಾಲೇ ರೋಗದ ಮೂಲ. ಪಾಯಿಂಟ್ ಬೋನಸ್ ಅದನ್ನು ಬೇಗ ಹೊರಗೆ ತಂದಿದೆ, ಅಷ್ಟೇ.

ದೊಡ್ಡ ರಾಜ್ಯಕ್ಕೆ ಉದ್ದ ಗಡಿ ಇರುತ್ತದೆ. ಅದೇ ಅದರ ಸಹಜ ದೌರ್ಬಲ್ಯ. ಹೂವಿನ ಹಾಗೆ ಒತ್ತಾಗಿ ಸೇರಿದ 7 ಹೆಕ್ಸ್‌ಗಳ ಗುಂಪಿಗೆ ಹೊರಗಿನ ಅಂಚು 18. ಅದೇ 7 ಹೆಕ್ಸ್ ಒಂದೇ ಸಾಲಿನಲ್ಲಿ ಹಬ್ಬಿದರೆ ಅಂಚು 30. ನಿಜವಾದ ರಾಜನಿಗೆ ಈ 12 ಅಂಚುಗಳ ವ್ಯತ್ಯಾಸ ನಿದ್ದೆ ಕೆಡಿಸಬೇಕು. ನಿಮ್ಮ ಮ್ಯಾಪಿನಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಏಕೆಂದರೆ ರೌಂಡಿಗೆ ಒಬ್ಬರಿಗೆ ಒಂದೇ ಯುದ್ಧ. ಗಡಿಗೆ ನಾಲ್ವರು ತಾಗಿದ್ದರೂ ಒಬ್ಬರು ಮಾತ್ರ ಬರಬಹುದು. ಆ ಒಬ್ಬರು ಯಾರು ಅಂತಲೂ ಮುಂದಿರುವವರೇ ಆರಿಸುತ್ತಾರೆ.

ಒಂದು ದಿನಕ್ಕೆ ಒಂದೇ ಟೇಬಲ್ ಯುದ್ಧ ಸಾಧ್ಯ ಅನ್ನೋದು ನನಗೂ ಗೊತ್ತು, ಎಲ್ಲರಿಗೂ ಮನೆ, ಕೆಲಸ ಇರುತ್ತದೆ. ಹಾಗಾಗಿ ಎರಡನೇ ದಾಳಿಯನ್ನು ಟೇಬಲ್ ಮೇಲೆ ಆಡಬೇಡಿ, ಮ್ಯಾಪಿನ ಮೇಲೇ ಮುಗಿಸಿ. ಅದನ್ನು ಲೂಟಿ ಅಂತ ಕರೆಯಿರಿ.

ಪ್ರತಿ ರೌಂಡಿಗೆ ಪ್ರತಿಯೊಬ್ಬರಿಗೂ ಒಂದು ಲೂಟಿ. ಯುದ್ಧಗಳಿಗೆ ಮುಂಚೆ ಎಲ್ಲರೂ ತಮ್ಮ ಗಡಿಗೆ ತಾಗಿದ ಒಂದು ಶತ್ರು ಹೆಕ್ಸ್ ಹೆಸರನ್ನು ಚೀಟಿಯಲ್ಲಿ ಬರೆದು ಮಡಚಿಡಿ. ಒಟ್ಟಿಗೆ ತೆರೆಯಿರಿ. ಹೆಕ್ಸ್‌ನಲ್ಲಿ ಕಾವಲು ಇಲ್ಲದಿದ್ದರೆ ಒಂದು ದಾಳದಲ್ಲಿ 4 ಅಥವಾ ಮೇಲೆ ಬಿದ್ದರೆ ನಿಮ್ಮದು. ಕಾವಲು ಇದ್ದರೆ 6 ಬೀಳಲೇಬೇಕು.

ಈಗ ಮುಖ್ಯವಾದದ್ದು. ಕಾವಲು ಬಿಲ್ಲೆ ಪ್ರತಿಯೊಬ್ಬರಿಗೂ 3 ಮಾತ್ರ. ರಾಜ್ಯ ಎಷ್ಟೇ ದೊಡ್ಡದಾಗಲಿ, 3. ರೌಂಡಿನ ಶುರುವಿನಲ್ಲಿ ಎಲ್ಲರೂ ನೋಡುವ ಹಾಗೆ ಇಡಬೇಕು. ರಾಜಧಾನಿಯನ್ನು ಲೂಟಿ ಮಾಡುವ ಹಾಗೂ ಇಲ್ಲ, ಯುದ್ಧದಲ್ಲಿ ಗೆಲ್ಲುವ ಹಾಗೂ ಇಲ್ಲ. ಚೌಕಾಬಾರದಲ್ಲಿ ಅಡ್ಡಗೀಟು ಹಾಕಿದ ಮನೆ ಇರುತ್ತಲ್ಲ, ಹಾಗೆ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ. ಕುಳ್ಳರಿಗೆ 2 ಹೆಕ್ಸ್. ಒಂದು ರಾಜಧಾನಿ, ಇನ್ನೊಂದಕ್ಕೆ ಕಾವಲು ಇದೆ. ಅವರನ್ನು ಲೂಟಿ ಮಾಡೋದು ಆರರಲ್ಲಿ ಒಂದು ಅವಕಾಶ. ಅಸ್ಥಿಪಂಜರಗಳಿಗೆ 10. ರಾಜಧಾನಿ ಬಿಟ್ಟರೆ 9, ಕಾವಲು ಮೂರಕ್ಕೆ, 6 ತೆರೆದಿವೆ. ಮೂವರು ನೆರೆಯವರು ಬೇರೆ ಬೇರೆ ಮೂರು ತೆರೆದ ಹೆಕ್ಸ್ ಮೇಲೆ ಬಿದ್ದರೆ ಸರಾಸರಿ ಒಂದೂವರೆ ಹೆಕ್ಸ್ ಹೋಗುತ್ತದೆ. ಒಂದಾದರೂ ಹೋಗುವ ಸಾಧ್ಯತೆ ಎಂಟರಲ್ಲಿ ಏಳು. ಅಷ್ಟು ಹೊತ್ತಿಗೆ ಅವರು ಟೇಬಲ್ ಮೇಲೆ ಗೆದ್ದರೆ ಒಂದು ಬರುತ್ತದೆ. ದೊಡ್ಡ ರಾಜ್ಯ ಉಳಿಸಿಕೊಳ್ಳೋದು ಕಷ್ಟದ ಕೆಲಸ ಆಗುತ್ತದೆ, ಅಸಾಧ್ಯ ಆಗಲ್ಲ. ಒತ್ತಾಗಿ ಕಟ್ಟಿದವರಿಗೆ ಕಾವಲು ಸಾಕಾಗುತ್ತದೆ, ಉದ್ದಕ್ಕೆ ಚಾಚಿದವರಿಗೆ ಸಾಕಾಗಲ್ಲ.

ಆಯ್ಕೆಯ ಸರದಿಯನ್ನೂ ತಿರುಗಿಸಿ. ಕಮ್ಮಿ ಭೂಮಿ ಇರುವವರು ಎದುರಾಳಿಯನ್ನು ಮೊದಲು ಆರಿಸಲಿ.

ಕುಂಚಗಾರ

ಚೆನ್ನಾಗಿದೆ. ಇನ್ನು ಇದಕ್ಕಿಂತ ಜಾಸ್ತಿ ನಿಯಮ ಸೇರಿಸಬೇಡಿ. 1990ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ತಂದ ಮೈಟಿ ಎಂಪೈರ್ಸ್ ಆಟದಲ್ಲಿ ಬಾವುಟ ಹಿಡಿದ ಸೈನ್ಯಗಳು, ಆದಾಯ, ಮುತ್ತಿಗೆ ಎಲ್ಲಾ ಇತ್ತು. ತುಂಬಾ ಸುಂದರ ಆಟ, ಆದರೆ ಲೆಕ್ಕ ಬರೆಯೋಕೇ ಒಬ್ಬರು ಬೇಕು. 2009ರಲ್ಲಿ ಅದೇ ಹೆಸರಿನಲ್ಲಿ 48 ಪ್ಲಾಸ್ಟಿಕ್ ಹೆಕ್ಸ್‌ಗಳ ಪೆಟ್ಟಿಗೆ ಬಂದಾಗ ನಿಯಮಗಳನ್ನು ತುಂಬಾ ಇಳಿಸಿದ್ದರು. ವಾರಕ್ಕೊಮ್ಮೆ ಸೇರುವ ಗುಂಪಿಗೆ ಆ ದಾರಿಯೇ ಸರಿ. ಚೀಟಿ, ಬಿಲ್ಲೆ, ಒಂದು ದಾಳ. ಸಾಕು.

ದಾಳದ_ಲೆಕ್ಕ

ಒಪ್ಪುತ್ತೇನೆ, ಒಂದೇ ಒಂದು ಬಿಟ್ಟು. ಗೆಲುವನ್ನು ಬರೀ ಭೂಮಿಯಿಂದ ಅಳೆಯಬೇಡಿ. ಅಳೆದರೆ ಕೊನೆಯ ಸ್ಥಾನದವರಿಗೆ ಮುಂದಿರುವವರ ಮೇಲೆ ಬೀಳೋಕೆ ಕಾರಣವೇ ಇರಲ್ಲ. ತಮ್ಮ ಪಕ್ಕದ ಇನ್ನೊಬ್ಬ ದುರ್ಬಲರನ್ನೇ ಹಿಡಿಯುತ್ತಾರೆ. ತಮಗಿಂತ ದೊಡ್ಡವರಿಂದ ಹೆಕ್ಸ್ ಕಿತ್ತುಕೊಂಡರೆ 2 ಕೀರ್ತಿ ಅಂಕ, ಬೇರೆ ಯಾವ ಹೆಕ್ಸ್ ತಗೊಂಡರೂ 1. ಕೊನೆಯಲ್ಲಿ ಕೀರ್ತಿಗೆ ಕೈಲಿರುವ ಭೂಮಿ ಸೇರಿಸಿ ಎಣಿಸಿ. ಕೊನೆಯ ರೌಂಡ್ ಯಾವುದು ಅಂತ ಈಗಲೇ ಬರೆದಿಡಿ. ಮುಗಿಯುವ ದಿನ ಗೊತ್ತಿದ್ದರೆ ಹಿಂದಿರುವವರೂ ಬರುತ್ತಾರೆ.

ಮೂಲೆಕೋಟೆ

ಇನ್ನೊಂದು, ಇದು ನಿಯಮಕ್ಕಿಂತ ದೊಡ್ಡದು. ಅಸ್ಥಿಪಂಜರಗಳ ಆಟಗಾರರ ಜೊತೆ ಮೊದಲು ಒಬ್ಬರೇ ಕೂತು ಮಾತಾಡಿ. ಅವರು ಇದ್ದ ನಿಯಮದಲ್ಲೇ ಆಡಿ ಗೆದ್ದಿದ್ದಾರೆ. ಅವರ ಹೆಕ್ಸ್ ಒಂದನ್ನೂ ಕಿತ್ತುಕೊಳ್ಳಬೇಡಿ. ಎಲ್ಲರಿಗೂ ಈಗಿರುವ ಹೆಕ್ಸ್ ಎಷ್ಟೋ ಅಷ್ಟು ಕೀರ್ತಿಯನ್ನು ಇವತ್ತೇ ಬರೆದುಕೊಡಿ. ಅವರಿಗೆ 10, ಕುಳ್ಳರಿಗೆ 2. ಮುಂದೆ ಭೂಮಿ ಹೋದರೂ ಅದು ಹೋಗಲ್ಲ. ಹೊಸ ನಿಯಮ ಮುಂದಿನ ರೌಂಡಿನಿಂದ, ಆರು ಜನರೂ ಒಪ್ಪಿದ ಮೇಲೆ.

ಬೆಟ್ಟದ_ಓರ್ಕ್

ಮಾತಾಡಿದೆವು, ಆಡಿಯೂ ಆಯಿತು. ಅಸ್ಥಿಪಂಜರಗಳ ಗೆಳೆಯ ನಾನು ಅಂದುಕೊಂಡಿದ್ದಕ್ಕಿಂತ ಬೇಗ ಒಪ್ಪಿದ. ಯಾರೂ ಧೈರ್ಯವಾಗಿ ಎದುರು ನಿಲ್ಲದ ಆಟ ಅವನಿಗೂ ಬೇಸರ ತಂದಿತ್ತಂತೆ. ಕೇಳಿದ್ದು ಒಂದೇ: ಕಾವಲು ಬಿಲ್ಲೆ ಇಡುವಾಗ ಭೂಮಿ ಕಮ್ಮಿ ಇರುವವರು ಮೊದಲು ಇಡಲಿ, ತಾನು ಕೊನೆಗೆ ಇಡುತ್ತೇನೆ ಅಂತ. ನ್ಯಾಯವಾದ ಮಾತು, ಒಪ್ಪಿದೆವು.

ಚೀಟಿ ತೆರೆದಾಗ ಅವನ ಮೇಲೆ ಮೂರು ಲೂಟಿ. ಎರಡು ಹೆಕ್ಸ್ ಹೋದವು. ಕುಳ್ಳರು ಎದುರಾಳಿಯನ್ನು ಮೊದಲು ಆರಿಸಬೇಕಾಗಿತ್ತು, ನೇರವಾಗಿ ಅಸ್ಥಿಪಂಜರಗಳನ್ನೇ ಆರಿಸಿದರು. ನದಿ ಹೆಕ್ಸ್, ಎರಡೂ ಕಡೆ 1000 ಪಾಯಿಂಟ್. ಸೇತುವೆಯನ್ನು ಅಸ್ಥಿಪಂಜರದವನು ಟೇಬಲ್ಲಿನ ಎಡ ತುದಿಗೆ ಇಟ್ಟ. ಕುಳ್ಳರು ಗುರಾಣಿಯವರನ್ನು ಸೇತುವೆಯ ಬಾಯಿಗೆ ಒಡ್ಡಿ, ಬಿಲ್ಲುಗಾರರನ್ನು ದಡದುದ್ದಕ್ಕೂ ಹರಡಿದರು. ಮೂರನೇ ರೌಂಡಿನವರೆಗೂ ಯಾರು ಗೆಲ್ಲುತ್ತಾರೆ ಅಂತ ಹೇಳೋಕಾಗಲಿಲ್ಲ. ಕೊನೆಗೆ ಒಂದು ಗುರಿಯ ಅಂತರದಲ್ಲಿ ಕುಳ್ಳರು ಗೆದ್ದರು. 2 ಕೀರ್ತಿ, ನದಿ ಹೆಕ್ಸ್ ಅವರದಾಯಿತು. ಈಗ 7, 8, 6, 6, 4, 3, ಖಾಲಿ ಇನ್ನೂ 3. ಉಳಿದ ಎರಡು ಟೇಬಲ್ ಡ್ರಾ.

ಒಂದೇ ಗೊಂದಲ. ಇಬ್ಬರು ಒಂದೇ ಹೆಕ್ಸ್ ಮೇಲೆ ಲೂಟಿ ಬರೆದರೆ ಏನು ಮಾಡಬೇಕು? ಈ ಸಲ ಆಗಲಿಲ್ಲ, ಮುಂದೆ ಆಗೇ ಆಗುತ್ತದೆ.

ಮೂಲೆಕೋಟೆ

ಇಬ್ಬರೂ ದಾಳ ಹಾಕಲಿ. ಬೇಕಾದ ಸಂಖ್ಯೆ ಮುಟ್ಟಿದವರಲ್ಲಿ ಜಾಸ್ತಿ ಬಿದ್ದವರಿಗೆ ಹೆಕ್ಸ್. ಇಬ್ಬರಿಗೂ ಒಂದೇ ಬಿದ್ದರೆ ಲೂಟಿಗಾರರು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡರು ಅಂತ ಲೆಕ್ಕ, ಹೆಕ್ಸ್ ಹಳೆಯ ಒಡೆಯರ ಹತ್ತಿರವೇ ಉಳಿಯುತ್ತದೆ. ಅದೇ ಹೆಕ್ಸ್‌ನಲ್ಲಿ ಆ ರೌಂಡ್ ಟೇಬಲ್ ಯುದ್ಧವೂ ಇದ್ದರೆ ಲೂಟಿ ರದ್ದು ಮಾಡಿ, ಯುದ್ಧವೇ ತೀರ್ಮಾನಿಸಲಿ.