ಬೆಳವಣಿಗೆ ಇಂಜೆಕ್ಷನ್‌ಗೂ ಬ್ಲಡ್ ಕ್ಯಾನ್ಸರ್‌ಗೂ ಸಂಬಂಧ ಇದೆಯಾ? ಗೊತ್ತಿರೋರು ಹೇಳಿ

ಶಿರಾದಿಂದ, ಹುಡುಗನ ತಾಯಿ:
ಮಗನಿಗೆ ಒಂಬತ್ತು ವರ್ಷ, ನೋಡಿದರೆ ಒಂದನೇ ಕ್ಲಾಸಿನವನ ಹಾಗೆ ಇದಾನೆ. ಬೆಳವಣಿಗೆ ಹಾರ್ಮೋನ್ ಕಡಿಮೆ, ದಿನಾ ರಾತ್ರಿ ಇಂಜೆಕ್ಷನ್ ಬೇಕು ಅಂದಿದ್ದಾರೆ ಬೆಂಗಳೂರಿನ ಡಾಕ್ಟರು. ಅದರಿಂದ ಬ್ಲಡ್ ಕ್ಯಾನ್ಸರ್ ಬರುತ್ತೆ ಅಂತ ನಮ್ಮ ಭಾವ ಹೆದರಿಸಿಬಿಟ್ಟಿದ್ದಾರೆ. ಶುರು ಮಾಡೋದಾ ಬೇಡ್ವಾ?

ತಿಪಟೂರಿನಿಂದ:
ಅಕ್ಕಾ, ನಿಮ್ಮ ಭಾವ ಹೇಳಿದ್ದು ಬರೀ ಗಾಳಿಮಾತಲ್ಲ. 1988ರಲ್ಲಿ ಜಪಾನಿನಿಂದ ಅಂಥ ವರದಿ ಬಂದಿತ್ತು, ಈ ಹಾರ್ಮೋನ್ ತಗೊಂಡ ಕೆಲವು ಮಕ್ಕಳಿಗೆ ಲುಕೇಮಿಯಾ, ಅಂದ್ರೆ ಬ್ಲಡ್ ಕ್ಯಾನ್ಸರ್ ಬಂತು ಅಂತ. ಆಮೇಲೆ ಕೆದಕಿದರೆ ಹಲವರಿಗೆ ಮೊದಲೇ ಬೇರೆ ಕಾರಣ ಇತ್ತು: ಹಿಂದೆ ಗೆಡ್ಡೆಗೆ ಕೊಟ್ಟ ರೇಡಿಯೇಷನ್, ಫ್ಯಾಂಕೋನಿ ಅನೀಮಿಯಾ ಅನ್ನೋ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ, ಹೀಗೆ. ಅಂಥದ್ದೇನೂ ಇಲ್ಲದ ಮಕ್ಕಳಲ್ಲಿ ಲುಕೇಮಿಯಾ ಹೆಚ್ಚುತ್ತೆ ಅಂತ ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ.

ನೀವು ಕೇಳಬೇಕಾದ್ದು ಈ ಫ್ಯಾಂಕೋನಿ ಬಗ್ಗೆ. ಆ ಮಕ್ಕಳೂ ಕುಳ್ಳಗಿರ್ತಾರೆ, ಕೆಲವರಿಗೆ ಹಾರ್ಮೋನೂ ಕಡಿಮೆ ಇರುತ್ತೆ. ಹೆಬ್ಬೆರಳು ಸರಿಯಾಗಿ ಬೆಳೆದಿರಲ್ಲ, ಮೈಮೇಲೆ ಕಾಫಿ ಬಣ್ಣದ ಮಚ್ಚೆ, ಬರಬರುತ್ತಾ ರಕ್ತಕಣ ಕಡಿಮೆ ಆಗ್ತಾ ಹೋಗುತ್ತೆ. ಎಲ್ಲರಿಗೂ ಎಲ್ಲಾ ಲಕ್ಷಣ ಕಾಣಲ್ಲ. ಇಂಜೆಕ್ಷನ್ ಮುಟ್ಟದಿದ್ದರೂ ಅವರಿಗೆ ರಕ್ತದ ಕ್ಯಾನ್ಸರ್ ಅಪಾಯ ಜಾಸ್ತಿ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬರೋ ದೋಷ ಇದು. ಸಂಬಂಧದಲ್ಲೇ ಮದುವೆ ಆದರೆ ಇಬ್ಬರಲ್ಲೂ ಒಂದೇ ದೋಷ ಇರೋ ಸಾಧ್ಯತೆ ಜಾಸ್ತಿ. ನಮ್ಮ ಕಡೆ ಸೋದರಮಾವನಿಗೆ ಕೊಡೋ ರೂಢಿ ಇರೋದ್ರಿಂದ, ನಿಮ್ಮದೂ ಹಾಗೇ ಆಗಿದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಅನುಮಾನ ಬಂದರೆ ಕ್ರೋಮೋಸೋಮ್ ಒಡೆಯುತ್ತಾ ಅಂತ ನೋಡೋ ರಕ್ತಪರೀಕ್ಷೆ ಇದೆ.

ಗುಬ್ಬಿಯಿಂದ:
ನಮ್ಮದು ತಿರುಗಾಮುರುಗಾ. ಮಗಳಿಗೆ ಲುಕೇಮಿಯಾ ಮೊದಲು ಬಂತು, ತಲೆಗೆ ರೇಡಿಯೇಷನ್ ಕೊಟ್ಟರು. ಅದು ಈ ಹಾರ್ಮೋನ್ ಮಾಡೋ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಕೊಟ್ಟು ಎತ್ತರ ನಿಂತುಹೋಯ್ತು. ಕಾಯಿಲೆ ಪೂರ್ತಿ ಹಿಡಿತಕ್ಕೆ ಬಂದು ಸಾಕಷ್ಟು ಕಾಲ ಆದಮೇಲೇ, ಕ್ಯಾನ್ಸರ್ ಡಾಕ್ಟರು ಒಪ್ಪಿದ ಮೇಲೆ ಹಾರ್ಮೋನ್ ಶುರು. ಈಗ ಚೆನ್ನಾಗಿದ್ದಾಳೆ. ಒಂದು ಮಾತು: ಔಷಧಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ಗೆ ಹಾಕಿದರೆ ಕೆಟ್ಟುಹೋಗುತ್ತೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ನಮಗಂತೂ ಅದೇ ಚಿಂತೆ.

ಕುಣಿಗಲ್‌ನಿಂದ:
ನಮ್ಮಪ್ಪನಿಗೆ ಇದೇ ಬೆಳವಣಿಗೆ ಹಾರ್ಮೋನ್ ಜಾಸ್ತಿ, ಆ ಕಾಯಿಲೆಗೆ ಅಕ್ರೊಮೆಗಾಲಿ ಅಂತಾರೆ. ಅವರಿಗೆ ಡಾಕ್ಟರು ಕೊಲೊನೋಸ್ಕೋಪಿ ಮಾಡಿಸಿದರು, ಕರುಳಿನಲ್ಲಿ ಗಂಟು ಇದೆಯಾ ಅಂತ. ರಕ್ತದ ಕ್ಯಾನ್ಸರ್ ಮಾತೇ ಬರಲಿಲ್ಲ.

ಶಿರಾದಿಂದ:
ನಮ್ಮದೂ ಸೋದರಮಾವನ ಮದುವೆನೇ. ಹೆಬ್ಬೆರಳು ಸರಿಯಾಗಿದೆ, ಬೆನ್ನ ಮೇಲೆ ಎರಡು ಮಚ್ಚೆ ಇದೆ. ಇಂಜೆಕ್ಷನ್ ತರೋಕೆ ಮುಂಚೆ ಡಾಕ್ಟರಿಗೆ ತೋರಿಸ್ತೀನಿ.